ನಕ್ಷೆ ಕೊಡದೆ ಕ್ಯೂಆರ್ ಕೋಡ್ ಅಂಟಿಸಿದರೆ?

ದಾವಣಗೆರೆಯಿಂದ ಎಂಜಿನಿಯರಿಂಗ್ ಬೋಧಕರೊಬ್ಬರು ಬರೆದಿದ್ದಾರೆ: ಪ್ರತಿಯೊಂದು ಉಪಕರಣಕ್ಕೂ ಕ್ಯೂಆರ್ ಕೋಡ್ ಅಂಟಿಸಿ, ಕಾರ್ಖಾನೆಯಿಂದ ಮರುಬಳಕೆ ಘಟಕದವರೆಗೆ ಅದರ ಜಾಡು ಹಿಡಿದರೆ ವೃತ್ತಾಕಾರದ ಆರ್ಥಿಕತೆ, ಅಂದರೆ ವಸ್ತುಗಳನ್ನು ಎಸೆಯದೆ ಮತ್ತೆ ಮತ್ತೆ ಬಳಕೆಗೆ ತರುವ ವ್ಯವಸ್ಥೆ, ತಾನಾಗಿಯೇ ನೆಲೆಗೊಳ್ಳುತ್ತದೆ, ಅದಕ್ಕೆ ಅಡ್ಡಿಯಾಗಿರುವುದು ಲೆಕ್ಕಪತ್ರವಿಲ್ಲದ ಗುಜರಿ ಮತ್ತು ರಿಪೇರಿ ಅಂಗಡಿಗಳು ಎಂಬುದು ಅವರ ವಾದ.

ಮಾನ್ಯರೇ, ತಮ್ಮ ಪತ್ರದ ಮೊದಲರ್ಧವನ್ನು ಒಪ್ಪುತ್ತೇನೆ. ಯುರೋಪಿನ ಒಕ್ಕೂಟವು 2027ರ ಫೆಬ್ರವರಿಯಿಂದ ವಿದ್ಯುತ್ ವಾಹನಗಳ ಬ್ಯಾಟರಿಗೆ ಇಂಥದೇ ಕೋಡಿನಿಂದ ತೆರೆಯುವ ‘ಪಾಸ್‌ಪೋರ್ಟ್’, ಅಂದರೆ ಬ್ಯಾಟರಿಯ ವಿವರಗಳ ಡಿಜಿಟಲ್ ದಾಖಲೆ, ಕಡ್ಡಾಯ ಮಾಡಿದೆ. ಒಳಗೆ ಯಾವ ಲೋಹವಿದೆಯೆಂದು ತಿಳಿದರೆ ಒಡೆಯುವವನಿಗೆ ಅನುಕೂಲವೇ. 2022ರಲ್ಲಿ ಜಗತ್ತು ಹೊರಹಾಕಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಕಾಲುಭಾಗಕ್ಕೂ ಕಡಿಮೆ ಎಂಬುದನ್ನು ನೆನೆದರೆ ಲೆಕ್ಕ ಇಡುವುದನ್ನು ಯಾರೂ ಬೇಡವೆನ್ನಲಾರರು.

ಆದರೆ ಜಾತಕ ಕೈಯಲ್ಲಿದ್ದ ಮಾತ್ರಕ್ಕೆ ಜ್ವರ ಇಳಿಯುವುದಿಲ್ಲ. ನಮ್ಮ ಕಚೇರಿಯ ಲ್ಯಾಪ್‌ಟಾಪೊಂದು ಸತ್ತಾಗ ಅಧಿಕೃತ ಸೇವಾ ಕೇಂದ್ರವೊಂದು ಮದರ್‌ಬೋರ್ಡನ್ನೇ ಬದಲಿಸಬೇಕೆಂದಿತು. ಬೆಲೆ ಕೇಳಿದರೆ ಹೊಸದನ್ನೇ ಕೊಳ್ಳಬಹುದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯ ಮಹಡಿಯ ಮೇಲಿನ ಕಿರಿದಾದ ಅಂಗಡಿಯಲ್ಲಿ ಒಬ್ಬ ಹುಡುಗ ಬೋರ್ಡಿನ ಮೇಲೆ ಸ್ಪಿರಿಟ್ ಸವರಿ, ಸಣ್ಣ ವೋಲ್ಟೇಜ್ ಹರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಕುಳಿತ. ಸ್ಪಿರಿಟ್ ಎಲ್ಲಕ್ಕಿಂತ ಮೊದಲು ಆರಿದ ಕಡೆ ಒಂದು ಕೆಪಾಸಿಟರ್ ಶಾರ್ಟ್ ಆಗಿತ್ತು. ಅದನ್ನು ಕಿತ್ತು, ಗುಜರಿಗೆ ಬಂದ ಇನ್ನೊಂದು ಬೋರ್ಡಿನಿಂದ ಅಂಥದೇ ಬಿಡಿಭಾಗ ತೆಗೆದು ಬೆಸೆದ. ಈ ಪುಟಗಳು ಇಂದಿಗೂ ಅದೇ ಯಂತ್ರದಲ್ಲಿ ಸಿದ್ಧವಾಗುತ್ತಿವೆ. ಅಲ್ಲಿ ಡಿಜಿಟಲ್ ತಂತ್ರಜ್ಞಾನ ಇರಲಿಲ್ಲವೆಂದು ಭಾವಿಸಬೇಡಿ. ಅವನ ಪರದೆಯ ಮೇಲೆ ಆ ಬೋರ್ಡಿನ ಸರ್ಕ್ಯೂಟ್ ನಕ್ಷೆ ತೆರೆದಿತ್ತು. ಕಂಪನಿ ಕೊಟ್ಟದ್ದಲ್ಲ, ಟೆಲಿಗ್ರಾಂ ಗುಂಪೊಂದರಿಂದ ಇಳಿಸಿಕೊಂಡದ್ದು. ತಾವು ಅಡ್ಡಿ ಎಂದು ಕರೆದದ್ದು ಈ ಹುಡುಗನನ್ನು.

ಇನ್ನು ಲೆಕ್ಕಪತ್ರದ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ಲಾಸ್ಟಿಕ್ ತ್ಯಾಜ್ಯದ ಪೋರ್ಟಲ್ಲಿನಲ್ಲಿ ಕೆಲವೇ ಕೆಲವು ಘಟಕಗಳು ಇಷ್ಟು ತ್ಯಾಜ್ಯ ಮರುಬಳಕೆ ಮಾಡಿದ್ದೇವೆಂದು ತೋರಿಸುವ ಲಕ್ಷಗಟ್ಟಲೆ ನಕಲಿ ಪ್ರಮಾಣಪತ್ರ ಸೃಷ್ಟಿಸಿದ್ದನ್ನು 2023ರಲ್ಲಿ ಮಂಡಳಿಯೇ ಪತ್ತೆಹಚ್ಚಿತು. ಅಲ್ಲಿ ಲೆಕ್ಕವಿತ್ತು, ಪ್ಲಾಸ್ಟಿಕ್ ಇರಲಿಲ್ಲ! 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಲ್ಲಿ ದುರಸ್ತಿ ಮಾಡಿ ಮತ್ತೆ ಮಾರುವವರಿಗೂ ಸ್ಥಾನವಿದೆ, ನಿಜ. ಆದರೆ ಅದು ನೋಂದಾಯಿತ ಘಟಕಗಳಿಗೆ. ಎಸ್.ಪಿ. ರಸ್ತೆಯ ಹುಡುಗ ಉಳಿಸಿದ ಲ್ಯಾಪ್‌ಟಾಪ್ ಯಾರ ಖಾತೆಗೂ ಜಮೆಯಾಗುವುದಿಲ್ಲ.

ತಂತ್ರಜ್ಞಾನವೇ ರಿಪೇರಿಗೆ ಎದುರು ನಿಂತಿರುವುದೂ ಉಂಟು. ಒಂದು ಫೋನಿನ ಅಸಲಿ ಪರದೆಯನ್ನು ಅದೇ ಮಾದರಿಯ ಇನ್ನೊಂದಕ್ಕೆ ಕೂರಿಸಿದರೂ, ಬಿಡಿಭಾಗದ ಸಂಖ್ಯೆ ತಾಳೆಯಾಗಲಿಲ್ಲವೆಂದು ಕೆಲವು ಕಂಪನಿಗಳ ತಂತ್ರಾಂಶ ಎಚ್ಚರಿಕೆ ತೋರಿಸುತ್ತದೆ, ಒಂದೆರಡು ಸೌಲಭ್ಯಗಳನ್ನು ನಿಲ್ಲಿಸಿಬಿಡುತ್ತದೆ. ಅಮೆರಿಕದ ಆರೆಗನ್ ರಾಜ್ಯ 2024ರಲ್ಲಿ ಇದಕ್ಕೆ ಕಾನೂನಿನ ತಡೆ ಹಾಕಿತು. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿ ಹಕ್ಕು’ ಪೋರ್ಟಲ್ ತೆರೆದು ಕೈಪಿಡಿ, ವಾರಂಟಿ, ಸೇವಾ ಕೇಂದ್ರಗಳ ವಿವರಗಳನ್ನು ಒಂದೆಡೆ ತಂದಿತು. ನಕ್ಷೆಗಳನ್ನು ಕೊಡಲೇಬೇಕೆಂದು ಕಂಪನಿಗಳನ್ನು ಕಟ್ಟಿಹಾಕುವ ಕಾಯ್ದೆ ಮಾತ್ರ ಬರಲಿಲ್ಲ. ಪೋರ್ಟಲ್ ಉದ್ಘಾಟನೆಯನ್ನೇ ಕೆಲಸವೆಂದು ತಿಳಿಯುವ ಚಾಳಿ ನಮ್ಮ ಇಲಾಖೆಗಳಿಗೆ ಅಂಟಿ ಬಹಳ ಕಾಲವಾಯಿತು.

ತಾವು ಪಾಠ ಹೇಳುವವರು, ಹುಡುಗರು ತಮ್ಮ ಮಾತು ಕೇಳುತ್ತಾರೆ. ಕಾಲೇಜಿನ ಪ್ರಯೋಗಾಲಯದಲ್ಲಿ ಹರಾಜಿಗೆಂದು ಪೇರಿಸಿಟ್ಟ ಕಂಪ್ಯೂಟರುಗಳಿದ್ದರೆ ಅವುಗಳಲ್ಲಿ ಕೆಲವನ್ನು ಬಿಚ್ಚಿಸಿ, ಊರಿನ ರಿಪೇರಿಯವರೊಬ್ಬರನ್ನು ಕರೆಸಿ ಪಕ್ಕದಲ್ಲಿ ಕೂರಿಸಿ, ಯಾವ ದೋಷಕ್ಕೆ ಎಲ್ಲಿ ಅಳೆಯಬೇಕು, ಏನು ಬದಲಿಸಬೇಕು ಎಂಬುದನ್ನು ಕನ್ನಡದಲ್ಲಿ ಬರೆಯಿಸಿ, ಚಿತ್ರಸಹಿತ ಎಲ್ಲರಿಗೂ ಸಿಗುವಂತೆ ಮಾಡಿ. ಒಂದು ಪ್ರತಿಯನ್ನು ನಮಗೂ ಕಳುಹಿಸಿದರೆ, ಪುಟಗಳು ಎಷ್ಟೇ ಆಗಲಿ, ಪ್ರಕಟಿಸುತ್ತೇವೆ.

— ಸಂಪಾದಕ