ಫೋರ್ಕ್ ಮುಗಿದ ಮೇಲೂ ಸರ್ವರ್ ಯಾಕೆ ನಿಧಾನ?

ಪ್ರಶ್ನೆ: ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಲಾಟ್‌ಗಳ ದರವನ್ನು ಮೊಬೈಲ್‌ಗೆ ಕಳಿಸುವ ಸೇವೆ ನಮ್ಮದು. 16 ಜಿಬಿ ರ‍್ಯಾಮ್‌ನ ಲಿನಕ್ಸ್ ಸರ್ವರ್‌ನಲ್ಲಿ ರೆಡಿಸ್ (ಡೇಟಾವನ್ನು ಮೆಮೊರಿಯಲ್ಲೇ ಇಡುವ ಡೇಟಾಬೇಸ್) 8 ಜಿಬಿ ಡೇಟಾ ಇಟ್ಟುಕೊಂಡಿದೆ. ಆ ಡೇಟಾವನ್ನು ಡಿಸ್ಕ್‌ಗೆ ಬರೆದಿಡುವ ಹಿನ್ನೆಲೆ ಸ್ನ್ಯಾಪ್‌ಶಾಟ್ ಶುರುವಾದೊಡನೆ ಎಲ್ಲವೂ ಒಮ್ಮೆ ನಿಲ್ಲುತ್ತದೆ. ಆಮೇಲೂ ಸ್ವಲ್ಪ ಹೊತ್ತು ದರ ತಡವಾಗುತ್ತದೆ, ರ‍್ಯಾಮ್ ಬಳಕೆಯೂ ಏರುತ್ತದೆ. ಪ್ರೊಸೆಸರ್ ಬದಲಿಸಬೇಕೇ ಸರ್?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ, ಆ ಹಣ ಉಳಿಸಿರಿ. ನೀವು ಕಾಣುತ್ತಿರುವುದು ಎರಡು ಬೇರೆ ಬೇರೆ ವಿಳಂಬ.

ಮೊದಲನೆಯದು ಫೋರ್ಕ್‌ನದು, ಅಂದರೆ ಸ್ನ್ಯಾಪ್‌ಶಾಟ್ ಬರೆಯಲು ರೆಡಿಸ್ ತನ್ನಂಥದೇ ಇನ್ನೊಂದು ಪ್ರೊಸೆಸ್ ಹುಟ್ಟಿಸುವುದರದು. ಅದು ಡೇಟಾ ನಕಲಿಸುವುದಿಲ್ಲ, ಪೇಜ್ ಟೇಬಲ್ (ಮೆಮೊರಿಯ ಒಂದೊಂದು ತುಂಡು, ಅಂದರೆ ಪೇಜ್, ಎಲ್ಲಿದೆ ಎಂಬ ಪಟ್ಟಿ) ಮಾತ್ರ ನಕಲಿಸುತ್ತದೆ. 8 ಜಿಬಿಗೆ 4 ಕೆಬಿಯ 20,97,152 ಪೇಜ್‌ಗಳು; ಒಂದೊಂದಕ್ಕೂ 8 ಬೈಟ್‌ನ ನಮೂದು, ಒಟ್ಟು 16 ಎಂಬಿ. ಜೊತೆಗೆ, ಪೇಜ್‌ಗಳನ್ನು ಎರಡೂ ಪ್ರೊಸೆಸ್‌ಗಳು ಹಂಚಿಕೊಳ್ಳುವುದರಿಂದ, ಎರಡರ ನಮೂದುಗಳಲ್ಲೂ ಬರೆಯುವ ಅನುಮತಿಯ ಬಿಟ್ ಅಳಿಸಬೇಕು. ಸಾಮಾನ್ಯವಾಗಿ ಜಿಬಿಗೆ 10–15 ಮಿಲಿಸೆಕೆಂಡ್, ಅಂದರೆ ನಿಮ್ಮಲ್ಲಿ ನೂರರ ಆಸುಪಾಸು. ರೆಡಿಸ್‌ನ ಇನ್ಫೋ ಆದೇಶದಲ್ಲಿ ‘ಲೇಟೆಸ್ಟ್ ಫೋರ್ಕ್ ಯುಸೆಕ್’ ಸಾಲು ನೋಡಿದರೆ ನಿಜವಾದ ಅಂಕಿ ಮೈಕ್ರೋಸೆಕೆಂಡ್‌ನಲ್ಲಿ ಸಿಗುತ್ತದೆ.

ಎರಡನೆಯದೇ ಹೆಚ್ಚು ಕಾಡುವುದು. ಫೋರ್ಕ್ ಆದ ಮೇಲೆ ಯಾವುದೇ ಪೇಜ್‌ಗೆ ಮೊದಲ ಸಲ ಬರೆಯಹೋದರೆ ಅನುಮತಿ ಇಲ್ಲದೆ ಪ್ರೊಸೆಸರ್ ಕೆಲಸ ನಿಲ್ಲಿಸಿ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಒಪ್ಪಿಸುತ್ತದೆ; ಇದೇ ಪೇಜ್ ಫಾಲ್ಟ್. ಕರ್ನಲ್ ಹೊಸ ಪೇಜ್ ಹುಡುಕಿ, 4,096 ಬೈಟ್ ನಕಲಿಸಿ, ನಮೂದು ತಿದ್ದುತ್ತದೆ. ನೀವು ಬದಲಿಸಿದ್ದು ಹತ್ತು ಬೈಟ್‌ನ ದರವಾದರೂ ಖರ್ಚು ಇಡೀ ಪೇಜಿನದು. ರೆಡಿಸ್‌ನ ಕೀಗಳು ಮೆಮೊರಿಯ ತುಂಬ ಚದುರಿರುವುದರಿಂದ ಪ್ರತಿ ಬದಲಾವಣೆ ಹೊಸ ಪೇಜಿಗೇ ಬೀಳುವುದು ಹೆಚ್ಚು. ಸೆಕೆಂಡಿಗೆ 50,000 ಹೊಸ ಪೇಜ್ ಮುಟ್ಟಿದರೆ ಸುಮಾರು 200 ಎಂಬಿ ನಕಲು; ಫಾಲ್ಟ್‌ಗೆ 2 ಮೈಕ್ರೋಸೆಕೆಂಡ್ ಹಿಡಿದರೂ ಆದೇಶಗಳನ್ನು ನಡೆಸುವ ಆ ಒಂದೇ ಥ್ರೆಡ್‌ನ ಶೇ 10 ಸಮಯ ಅಲ್ಲೇ ಹೋಯಿತು. ಸ್ನ್ಯಾಪ್‌ಶಾಟ್ ಬರೆದ ಪ್ರೊಸೆಸ್ ಮುಗಿದ ಮೇಲೂ ಮುಟ್ಟದೆ ಉಳಿದ ಪೇಜ್‌ಗಳು ಓದಲಷ್ಟೇ ತೆರೆದಿರುತ್ತವೆ. ಅವಕ್ಕೆ ನಕಲು ಬೇಡ, ಆದರೆ ಒಂದೊಂದು ಫಾಲ್ಟ್ ತಪ್ಪಿದ್ದಲ್ಲ.

ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ಕರ್ನಲ್ ತಾನಾಗಿ ದೊಡ್ಡ ಪೇಜ್ ಬಳಸುವ ಸೌಲಭ್ಯ) ಚಾಲೂ ಇದೆಯೇ ನೋಡಿರಿ. 2 ಎಂಬಿ ಪೇಜ್‌ಗಳಿದ್ದರೆ ಫೋರ್ಕ್ ಬೇಗ ಮುಗಿಯುತ್ತದೆ, ನಿಜ. ಆದರೆ ಲಿನಕ್ಸ್ 5.8ಕ್ಕಿಂತ ಹಳೆಯ ಕರ್ನಲ್‌ನಲ್ಲಿ ಒಂದು ಬೈಟ್ ಬದಲಿಸಿದರೂ 2 ಎಂಬಿ ನಕಲಾಗಬಹುದು. ನಂತರದವು ಅದನ್ನು ಒಡೆದು 4 ಕೆಬಿ ಮಾತ್ರ ನಕಲಿಸುತ್ತವೆ. ನಿಮ್ಮ ಕೆಲಸಕ್ಕೆ ಅದನ್ನು ‘ನೆವರ್’ ಅಥವಾ ‘ಎಂಅಡ್ವೈಸ್’ಗೆ ಇಡುವುದೇ ಸರಿ. ಓವರ್‌ಕಮಿಟ್ ಮೆಮೊರಿ (ಇರುವುದಕ್ಕಿಂತ ಹೆಚ್ಚು ಮೆಮೊರಿ ಕೇಳಿದರೂ ಒಪ್ಪಬೇಕೇ ಎಂಬ ಕರ್ನಲ್ ಸೆಟ್ಟಿಂಗ್) 1 ಇರಲಿ, ಇಲ್ಲದಿದ್ದರೆ ಫೋರ್ಕೇ ವಿಫಲವಾಗಬಹುದು.

ಸ್ನ್ಯಾಪ್‌ಶಾಟ್ ಅನ್ನು ಟೆಂಡರ್ ಮುಗಿದ ಮೇಲೆ ತೆಗೆಯಿರಿ, ಇಲ್ಲವೇ ಬೇರೆ ಯಂತ್ರದ ರೆಪ್ಲಿಕಾದಲ್ಲಿ (ಅದೇ ಡೇಟಾದ ಪ್ರತಿ ಇಟ್ಟುಕೊಂಡ ರೆಡಿಸ್‌ನಲ್ಲಿ). 4 ಜಿಬಿಯ ಎರಡು ರೆಡಿಸ್ ಮಾಡಿ ಸರದಿಯಲ್ಲಿ ತೆಗೆದರೆ ಪ್ರತಿ ಫೋರ್ಕ್‌ನ ತಡೆಯೂ ಅರ್ಧಕ್ಕಿಳಿಯುತ್ತದೆ. ಕೆಟ್ಟ ಸ್ಥಿತಿಯಲ್ಲಿ 8 ಜಿಬಿಯೂ ಎರಡೆರಡಾಗಿ ನಿಮ್ಮ 16 ಜಿಬಿ ಪೂರ್ತಿ ತುಂಬುತ್ತದೆ. ಸ್ವಾಪ್ (ಮೆಮೊರಿ ಸಾಲದೆ ಪೇಜ್‌ಗಳನ್ನು ಡಿಸ್ಕ್‌ಗೆ ಹಾಕುವುದು) ಶುರುವಾದರೆ ಮೈಕ್ರೋಸೆಕೆಂಡಿನ ಲೆಕ್ಕ ಮಿಲಿಸೆಕೆಂಡಿಗೆ ಹೋಗುತ್ತದೆ.

ಪ್ರಶ್ನೆ: ಬದಲಾದ ಪೇಜ್‌ಗಳನ್ನು ಗುರುತಿಸಲು ಎಂಪ್ರೊಟೆಕ್ಟ್ (ಪೇಜ್‌ಗಳ ಅನುಮತಿ ಬದಲಿಸುವ ಕರೆ) ಮತ್ತು ಅನುಮತಿಯಿಲ್ಲದೆ ಬರೆದಾಗ ಬರುವ ಸೆಗ್‌ಫಾಲ್ಟ್ ಸಿಗ್ನಲ್ ಬಳಸಿದ್ದೇನೆ. ತೀರಾ ನಿಧಾನ, ಯಾಕೆ?
– ವಿದ್ಯಾರ್ಥಿ, ಧಾರವಾಡ

ಉತ್ತರ: ನಿಮ್ಮದರಲ್ಲಿ ಪ್ರತಿ ಫಾಲ್ಟ್‌ಗೂ ಸಿಗ್ನಲ್ ತಲುಪಿಸುವುದು, ಅನುಮತಿ ಕೊಡುವ ಸಿಸ್ಟಮ್ ಕಾಲ್, ಸಿಗ್ನಲ್‌ನಿಂದ ವಾಪಸಾತಿ ಸೇರುತ್ತವೆ. ಪೇಜ್ ಬಿಟ್ಟು ಪೇಜ್ ಅನುಮತಿ ಬದಲಿಸಿದರೆ ಮ್ಯಾಪಿಂಗ್ (ಒಂದೇ ಅನುಮತಿಯ ಪೇಜ್‌ಗಳ ಸಾಲು) ತುಂಡಾಗುತ್ತ ಹೋಗಿ 65,530ರ ಡೀಫಾಲ್ಟ್ ಮಿತಿ ಮುಟ್ಟುತ್ತದೆ, ಎಂಪ್ರೊಟೆಕ್ಟ್ ವಿಫಲವಾಗುತ್ತದೆ. ಮತ್ತೆ ಅನುಮತಿ ಕಿತ್ತುಕೊಳ್ಳುವಾಗ ಪ್ರೊಸೆಸ್ ಓಡಿದ ಉಳಿದ ಕೋರ್‌ಗಳ ಟಿಎಲ್‌ಬಿಯನ್ನೂ (ಪೇಜ್ ಟೇಬಲ್ ನಮೂದುಗಳನ್ನು ನೆನಪಿಡುವ ಪ್ರೊಸೆಸರ್ ಕ್ಯಾಶ್) ತೆರವು ಮಾಡಿಸಬೇಕು. ಹಾಗಾಗಿ ಪೇಜ್ ಪೇಜಿಗೆ ಅಲ್ಲ, ಸುತ್ತಿಗೊಮ್ಮೆ ಇಡೀ ವ್ಯಾಪ್ತಿಗೆ ಒಂದೇ ಕರೆಯಲ್ಲಿ ಕಿತ್ತುಕೊಳ್ಳಿರಿ.

ಲಿನಕ್ಸ್ 5.7ರಿಂದ ಯೂಸರ್‌ಫಾಲ್ಟ್‌ಎಫ್‌ಡಿಯಲ್ಲೇ (ಫಾಲ್ಟ್‌ಗಳನ್ನು ಪ್ರೋಗ್ರಾಮ್‌ಗೆ ತಿಳಿಸುವ ಕರ್ನಲ್ ಸೌಲಭ್ಯ) ಬರವಣಿಗೆ ತಡೆ ಇದೆ, ಅದು ಮ್ಯಾಪಿಂಗ್ ಒಡೆಯುವುದಿಲ್ಲ. 6.7ರಲ್ಲಿ ಬಂದ ಅಸಿಂಕ್ ವಿಧಾನದಲ್ಲಿ ಕರ್ನಲ್ ತಾನೇ ತಡೆ ತೆಗೆದು ಮುಂದೆ ಹೋಗುತ್ತದೆ. ಬದಲಾದ ಪೇಜ್‌ಗಳನ್ನು ಪೇಜ್‌ಮ್ಯಾಪ್ ಸ್ಕ್ಯಾನ್ ಎಂಬ ಕರ್ನಲ್ ಕರೆಯಿಂದ ಒಟ್ಟಿಗೆ ಕೇಳಬಹುದು.

ಆಯ್ಕೆಗೆ ಮುಂಚೆ ಒಂದು ಸುತ್ತಿನಲ್ಲಿ ಒಂದು ಪೇಜಿಗೆ ಎಷ್ಟು ಸಲ ಬರೆಯುತ್ತೀರಿ ಎಂದು ಅಳೆಯಿರಿ. ಕೋಡ್‌ನಲ್ಲೇ ಗುರುತು ಹಾಕಲು ಬರವಣಿಗೆಗೆ 1 ನ್ಯಾನೋಸೆಕೆಂಡ್, ಫಾಲ್ಟ್‌ಗೆ 2,000 ಎಂದಿಟ್ಟುಕೊಂಡರೆ, ಎರಡು ಸಾವಿರಕ್ಕಿಂತ ಹೆಚ್ಚು ಸಲ ಬರೆಯುವ ಪೇಜ್‌ಗೆ ಮಾತ್ರ ಪೇಜ್ ತಡೆ ಲಾಭ. ಅದಕ್ಕಿಂತ ಕಡಿಮೆಯಾದರೆ ಫಾಲ್ಟ್‌ನ ದಾರಿ ಬಿಟ್ಟು ಕೋಡ್‌ನಲ್ಲೇ ಗುರುತು ಹಾಕಿರಿ.