ಮೂರನೆಯ ಪುಟದ ಕಂಸದೊಳಗಿನ ಮಾತು

ರಾಜಾಜಿನಗರದ ಓದುಗರೊಬ್ಬರ ನಾಲ್ಕು ಪುಟಗಳ ಪತ್ರ ಈ ವಾರ ಉಳಿದ ಪತ್ರಗಳನ್ನೆಲ್ಲ ಹಿಂದಕ್ಕೆ ತಳ್ಳಿತು. ಅವರಿಗೆ 31 ವರ್ಷ, ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ಥೈರಾಯ್ಡ್ ಪರೀಕ್ಷೆ, ಲೆಕ್ಕವಿಲ್ಲದಷ್ಟು ಸ್ಕ್ಯಾನ್, ಗರ್ಭನಾಳದ ಎಕ್ಸ್‌ರೇ, ಒಂದು ಲ್ಯಾಪರೊಸ್ಕೋಪಿ (ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡುವ ಪರೀಕ್ಷೆ) ಎಲ್ಲವೂ ಮುಗಿದಿದ್ದು, ಯಾವುದರಲ್ಲೂ ದೋಷ ಕಂಡಿಲ್ಲ. ಘಾಟಿ ಸುಬ್ರಹ್ಮಣ್ಯದಲ್ಲಿ ನಾಗಪ್ರತಿಷ್ಠೆಯೂ ಆಗಿದೆ. ಒಡವೆ ಅಡವಿಟ್ಟು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸುವುದೇ, ಇನ್ನೊಂದು ವರ್ಷ ಕಾಯುವುದೇ ಎಂಬುದು ಅವರ ಪ್ರಶ್ನೆ.

ನನ್ನ ಕಣ್ಣು ನಿಂತದ್ದು ಮೂರನೆಯ ಪುಟದ ಕಂಸದೊಳಗೆ. ‘ನಮ್ಮವರ ಆರೋಗ್ಯಕ್ಕೇನೂ ಕೊರತೆಯಿಲ್ಲ, ಜಿಮ್ ಟ್ರೇನರ್ ಕೊಡುವ ಇಂಜೆಕ್ಷನ್‌ನಿಂದ ಎರಡು ವರ್ಷದಲ್ಲಿ ಮೈಕಟ್ಟು ಚೆನ್ನಾಗಿ ಬಂದಿದೆ’ ಎಂದು ಬರೆದಿದ್ದೀರಿ. ಆ ಸೀಸೆಯನ್ನು ನಾನು ನೋಡಿಲ್ಲ. ಆದರೆ ಮೈ ಬೆಳೆಸಲು ಹೀಗೆ ಕೊಡುವ ಚುಚ್ಚುಮದ್ದು ಟೆಸ್ಟೊಸ್ಟೆರೋನ್ ಅಥವಾ ಅದರ ಬಳಗದ ಸ್ಟೆರಾಯ್ಡ್ ಆಗಿರುವುದು ಅಪರೂಪವೇನಲ್ಲ. ಹೊರಗಿನಿಂದ ಈ ಹಾರ್ಮೋನು ತುಂಬಿ ಬರುತ್ತಿದ್ದರೆ, ಇನ್ನು ಬೇಕಿಲ್ಲವೆಂದು ತಿಳಿದ ಮೆದುಳು ವೃಷಣಗಳಿಗೆ ಕಳುಹಿಸುವ ಸಂಕೇತವನ್ನೇ ನಿಲ್ಲಿಸುತ್ತದೆ. ವೀರ್ಯಾಣುಗಳ ಉತ್ಪಾದನೆ ಕುಸಿದು ಕೆಲವರಲ್ಲಿ ಸೊನ್ನೆಗೂ ಇಳಿಯುತ್ತದೆ. ಹೊರಗೆ ತೋಳು ದಪ್ಪವಾಗುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ನನ್ನ ಸಿಟ್ಟು ನಿಮ್ಮ ಗಂಡನ ಮೇಲೆ ಅಷ್ಟಾಗಿ ಇಲ್ಲ. ಕದ್ದುಮುಚ್ಚಿ ಮಾಡಿದ ಕೆಲಸವಲ್ಲ ಅದು, ಪಾಪ, ಗಟ್ಟಿಮುಟ್ಟಾಗುತ್ತಿದ್ದೇನೆಂದೇ ಅವರು ನಂಬಿದ್ದಾರೆ. ಸಿಟ್ಟಿರುವುದು, ಗಂಡನ ವೀರ್ಯ ಪರೀಕ್ಷೆ ಮಾಡಿಸದೆ ಹೆಂಡತಿಯ ಹೊಟ್ಟೆಗೆ ಲ್ಯಾಪರೊಸ್ಕೋಪಿಯ ನಳಿಗೆ ಇಳಿಸಿದ ಆಸ್ಪತ್ರೆಯ ಮೇಲೆ. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಸಮಸ್ಯೆಯೂ ಪಾಲುದಾರ. 2ರಿಂದ 7 ದಿನ ಸಂಯಮದಲ್ಲಿದ್ದು ಕೊಡುವ ಒಂದು ಮಾದರಿ ಸಾಕು. ನೋವಿಲ್ಲ, ಅರಿವಳಿಕೆ ಬೇಕಿಲ್ಲ, ಖರ್ಚೂ ಕಡಿಮೆ. ಮೊದಲು ಗಂಡನ ಪರೀಕ್ಷೆ ಎಂದು ಈ ಅಂಕಣದಲ್ಲಿ ಎಷ್ಟು ಬಾರಿ ಬರೆದಿದ್ದೇನೋ, ಮುಂದೆಯೂ ಬರೆಯುತ್ತೇನೆ.

ಆದ್ದರಿಂದ ನಿಮಗೆ ಹೇಳುವುದು ಒಂದೇ: ಈ ವಾರವೇ ಆ ಇಂಜೆಕ್ಷನ್ ಸೀಸೆಯೊಂದಿಗೆ ಗಂಡನನ್ನು ಯೂರಾಲಜಿಸ್ಟ್ (ಮೂತ್ರಾಂಗ ಮತ್ತು ಪುರುಷ ಜನನಾಂಗದ ತಜ್ಞವೈದ್ಯರು) ಬಳಿಗೆ ಕರೆದುಕೊಂಡು ಹೋಗಿ, ಎರಡು ವರ್ಷದ ವಿಷಯವನ್ನು ಮುಚ್ಚಿಡದೆ ಹೇಳಿ. ಇಂಜೆಕ್ಷನ್ ಬಿಡುವುದೂ ಆ ವೈದ್ಯರ ಉಸ್ತುವಾರಿಯಲ್ಲೇ ಆಗಲಿ. ಬಿಟ್ಟ ಹೊಸತರಲ್ಲಿ ಸುಸ್ತು, ಬೇಸರ, ನಿರಾಸಕ್ತಿ ಕಾಣಿಸಿಕೊಳ್ಳಬಹುದು. ಆಗ ಟ್ರೇನರ್ ಮಾತು ಕೇಳಿ ಅದೇ ಹಾರ್ಮೋನಿಗೆ ಮರಳಿದರೆ ಮತ್ತೆ ಮೊದಲಿಗೇ ಬಂದಂತೆ. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕು. ನಿಂತುಹೋದ ಉತ್ಪಾದನೆ ಚೇತರಿಸಿಕೊಳ್ಳಲು ಹಲವರಿಗೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಚೇತರಿಕೆಗೆ ನೆರವಾಗುವ ಔಷಧಿಗಳಿವೆ, ಅವನ್ನು ವೈದ್ಯರೇ ನಿರ್ಧರಿಸಲಿ. ನಿಮಗಿನ್ನೂ 31, ಇಷ್ಟು ಕಾಯಲು ವಯಸ್ಸು ಅಡ್ಡಿಯಲ್ಲ.

ಅಲ್ಲಿಯವರೆಗೆ ಒಡವೆ ಬೀರುವಿನಲ್ಲೇ ಇರಲಿ. ಗಂಡನ ವರದಿ ಕೈಗೆ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ, ಐವಿಎಫ್ ಮಾತನ್ನು ಆಗ ಆಡೋಣ.