ವಾರಕ್ಕೊಂದು ಸಂಜೆ, ಇಬ್ಬರಿಗೆ ಮಾತ್ರ

ಪತ್ರ: ಮಾನ್ಯ ಸಂಪಾದಕರೇ, ನಾವು ಎರಡು ವರ್ಷದ ಹಿಂದೆ ಶಿವಮೊಗ್ಗದ ಕಡೆಯಿಂದ ಮೈಸೂರಿಗೆ ಬಂದವರು. ಕುವೆಂಪುನಗರದಲ್ಲಿ ಬಾಡಿಗೆ ಮನೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಯಜಮಾನರಿಗೆ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮದುವೆಯಾದ ಹೊಸದರಲ್ಲಿ ಸಿನಿಮಾ, ಹೋಟೆಲ್ ಅಂತ ಓಡಾಡುತ್ತಿದ್ದೆವು. ಈಗ ಮಾಲ್‌ನಲ್ಲಿ ಒಂದು ಸಿನಿಮಾ, ಪಾಪ್‌ಕಾರ್ನ್, ಊಟ, ಆಟೊ ಎಲ್ಲ ಸೇರಿದರೆ ಸಾವಿರದ ಐನೂರು ರೂಪಾಯಿ ದಾಟುತ್ತದೆ. ಅವರು ಸುಸ್ತಾಗಿ ಬರುತ್ತಾರೆ, ಕೇಳೋಕೂ ಮನಸ್ಸು ಬರಲ್ಲ. ಅತ್ತೆಯವರು ‘ಹೋಗೋದಾದ್ರೆ ಮಕ್ಕಳನ್ನೂ ಕರ್ಕೊಂಡು ಹೋಗಿ, ಇಬ್ಬರೇ ಹೋಗೋಕೆ ಏನಿದೆ?’ ಅನ್ನುತ್ತಾರೆ. ಕಡಿಮೆ ಖರ್ಚಿನಲ್ಲಿ ಗಂಡ ಹೆಂಡತಿ ಸಂಜೆ ಹೋಗಿಬರುವಂಥ ಜಾಗ ಇದ್ದರೆ ತಿಳಿಸಿ. ಹೆಸರು ಹಾಕಬೇಡಿ.
– ಓದುಗರೊಬ್ಬರು, ಮೈಸೂರು

ಉತ್ತರ: ಜಾಗದ ವಿಷಯಕ್ಕೆ ಆಮೇಲೆ ಬರುತ್ತೇನೆ ತಾಯಿ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಬೇರೆ. ‘ಅವರು ಸುಸ್ತಾಗಿ ಬರುತ್ತಾರೆ’ ಅಂತ ಬರೆದಿದ್ದೀರಿ. ನೀವು? ಬೆಳಿಗ್ಗೆಯಿಂದ ಎರಡು ಮಕ್ಕಳ ಹಿಂದೆ ಓಡಿ, ಮೂರು ಹೊತ್ತು ಅಡುಗೆ ಮಾಡಿ, ಬಟ್ಟೆ ಪಾತ್ರೆ ಮುಗಿಸಿ ಸಂಜೆ ಬಾಗಿಲು ತೆಗೆಯುವ ನೀವು ಸುಸ್ತಾಗಿಲ್ಲವಾ? ಅದೊಂದು ಮಾತು ಪತ್ರದಲ್ಲಿ ಎಲ್ಲೂ ಇಲ್ಲ. ನಿಮ್ಮ ಮೇಲೆ ನನಗೆ ಸ್ವಲ್ಪ ಕೋಪ ಬಂದಿದ್ದು ಅಲ್ಲೇ.

ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಒಂದು ಸಮೀಕ್ಷೆ ಮಾಡಿಸುತ್ತದೆ. 2024ರ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಗಂಡಸರು 88 ನಿಮಿಷ. ಅದೂ ಒಂದಿಷ್ಟಾದರೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ, ಕೈಯನ್ನೇ ಹಾಕದವರು ಅದರಲ್ಲಿ ಸೇರಿಲ್ಲ. ಮಕ್ಕಳನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವುದಕ್ಕೆ ಹೆಂಗಸರು 137 ನಿಮಿಷ, ಗಂಡಸರು 75. ನಿಮ್ಮಂಥವರ ದಿನಕ್ಕೆ ಇವೆರಡನ್ನೂ ಕೂಡಿಸಿ ನೋಡಿ, ಏಳು ಗಂಟೆ ದಾಟುತ್ತದೆ. ಸಂಬಳವಿಲ್ಲದ, ವಾರದ ರಜೆಯಿಲ್ಲದ ಏಳು ಗಂಟೆ. ಆದ್ದರಿಂದ ಸಂಜೆ ಹೊರಗೆ ಹೋಗಬೇಕು ಅನ್ನಿಸುವುದಕ್ಕೆ ಸಂಕೋಚ ಪಡಬೇಡಿ. ಕೇಳಿ. ಬಾಯಿ ಬಿಟ್ಟು ಕೇಳಿ. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತಿದ್ದೇನೆ, ಇಂಥ ಪತ್ರ ಬರೆದವರೆಲ್ಲ ಹೆಂಡತಿಯರೇ. ‘ನನ್ನವಳನ್ನು ಸಂಜೆ ಎಲ್ಲಿಗೆ ಕರ್ಕೊಂಡು ಹೋಗಲಿ’ ಅಂತ ಒಬ್ಬ ಗಂಡ ಕೇಳಿದ್ದು ನನಗೆ ನೆನಪಿಲ್ಲ.

ಅತ್ತೆಯವರ ಮಾತನ್ನು ತಳ್ಳಿಹಾಕುವುದಿಲ್ಲ. ಮಕ್ಕಳ ಜೊತೆ ಹೋಗುವುದೂ ಬೇಕು. ಮೃಗಾಲಯ ಇದೆ, 1892ರದ್ದು, ಮಂಗಳವಾರ ರಜೆ. ಪಕ್ಕದಲ್ಲೇ ಕಾರಂಜಿ ಕೆರೆ. ಭಾನುವಾರ ಅತ್ತೆಯವರನ್ನೂ ಕರೆದುಕೊಂಡು ಎಲ್ಲರೂ ಹೋಗಿ ಬನ್ನಿ. ಆದರೆ ಅದನ್ನು ಇದರ ಲೆಕ್ಕಕ್ಕೆ ಬರೆಯಬೇಡಿ. ಮಕ್ಕಳ ಜೊತೆ ಹೊರಗೆ ಹೋದ ತಾಯಿ ಅಲ್ಲೂ ಕೆಲಸದಲ್ಲೇ ಇರುತ್ತಾಳೆ. ಒಬ್ಬನಿಗೆ ಬಾಟಲಿ, ಇನ್ನೊಬ್ಬಳಿಗೆ ಬಾತ್‌ರೂಮು, ಮಧ್ಯೆ ಕಳೆದುಹೋದ ಚಪ್ಪಲಿ. ಗಂಡನ ಜೊತೆ ಒಂದು ಮಾತು ಶುರು ಮಾಡಿ ಮುಗಿಸಿದ್ದು ಯಾವಾಗ ಅಂತ ಯೋಚನೆ ಮಾಡಿ ನೋಡಿ.

ಗಂಡ ಹೆಂಡತಿ ಇಬ್ಬರೇ ಹೋಗುವುದು ಈಗಿನವರ ಶೋಕಿ ಅಂತ ಅತ್ತೆಯವರಿಗೆ ಅನ್ನಿಸಿದ್ದರೆ, ಅವರಿಗೆ ಇದನ್ನು ಓದಿ ಹೇಳಿ. ನನ್ನ ಸೋದರತ್ತೆಯನ್ನು ನಂಜನಗೂಡಿನ ಒಂದು ತುಂಬಿದ ಮನೆಗೆ ಕೊಟ್ಟಿದ್ದರು. ಮೈದುನಂದಿರು, ನಾದಿನಿಯರು, ಅವರ ಮಕ್ಕಳು. ಗಂಡನ ಮುಖ ನೋಡಿ ಮಾತಾಡಲು ಆ ಮನೆಯಲ್ಲಿ ಒಂದು ಮೂಲೆಯೂ ಇರಲಿಲ್ಲ. ಆದರೆ ಸೋಮವಾರ ಸಂಜೆ ದೀಪ ಹಚ್ಚಿದ ಮೇಲೆ ಅವಳ ಅತ್ತೆಯೇ ಕರೆದು ಹೇಳುತ್ತಿದ್ದರಂತೆ: ‘ಮಕ್ಕಳಿಗೆ ನಾನು ಉಣ್ಣಿಸ್ತೀನಿ, ನೀವಿಬ್ಬರೂ ದೇವಸ್ಥಾನಕ್ಕೆ ಹೋಗ್ಬನ್ನಿ.’ ನಂಜುಂಡೇಶ್ವರನಿಗೆ ಕೈಮುಗಿದು, ಕಪಿಲೆಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತು, ಕತ್ತಲಾದ ಮೇಲೆ ಮನೆಗೆ. ಮನೆಯ ಸಾಲ, ನಾದಿನಿಯ ಮದುವೆ, ಮಗನಿಗೆ ಓದು ಹತ್ತದ್ದು, ಎಲ್ಲ ಮಾತಾಗುತ್ತಿದ್ದದ್ದು ಆ ಮೆಟ್ಟಿಲ ಮೇಲೆ. ಸೊಸೆಯನ್ನು ಕಳಿಸಿಕೊಟ್ಟ ಆ ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆ ಉಳಿಯಬೇಕಾದರೆ ಇದು ಬೇಕು ಅನ್ನುವುದು ಅವರಿಗೆ ಗೊತ್ತಿತ್ತು.

ಅಜ್ಜಿಗೆ ಗೊತ್ತಿದ್ದದ್ದನ್ನೇ ವಿದ್ವಾಂಸರು ಆಮೇಲೆ ಕೂತು ಅಳೆದಿದ್ದಾರೆ. ಅಮೆರಿಕದ ಜಾನ್ ಗಾಟ್‌ಮನ್ ಜೀವನವಿಡೀ ದಂಪತಿಗಳನ್ನೇ ಅಧ್ಯಯನ ಮಾಡಿದವರು. ಮೊದಲ ಮಗು ಹುಟ್ಟಿದ ಮೂರು ವರ್ಷದೊಳಗೆ ಮೂರರಲ್ಲಿ ಎರಡು ಜೋಡಿಗೆ ದಾಂಪತ್ಯದ ಖುಷಿ ಕಡಿಮೆಯಾಗುತ್ತದೆ ಅನ್ನುತ್ತಾರೆ ಅವರು. ನಿಮಗೆ ಹಾಗೆ ಅನ್ನಿಸುತ್ತಿದ್ದರೆ ನೀವು ಒಬ್ಬರೇ ಅಲ್ಲ, ತಪ್ಪು ನಿಮ್ಮಿಬ್ಬರದ್ದೂ ಅಲ್ಲ. ಇನ್ನೊಂದು, ಆರ್ಥರ್ ಆರನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಜೊತೆಗಾರರೂ 2000ದಲ್ಲಿ ಪ್ರಕಟಿಸಿದ ಪ್ರಯೋಗ. ಕೆಲವು ಜೋಡಿಗಳ ಕೈ ಕಾಲುಗಳನ್ನು ಒಬ್ಬರದ್ದು ಇನ್ನೊಬ್ಬರಿಗೆ ಕಟ್ಟಿದರು. ಮಧ್ಯೆ ಒಂದು ದಿಂಬು ಇಟ್ಟುಕೊಂಡು, ಕೈಯಲ್ಲಿ ಹಿಡಿಯದೆ, ನೆಲದ ಮೇಲೆ ಅಂಬೆಗಾಲಿಟ್ಟು ಸಾಗಬೇಕು. ಬರೀ ಏಳು ನಿಮಿಷದ ಆಟ. ಬೇರೆ ಜೋಡಿಗಳಿಗೆ ಚೆಂಡು ಉರುಳಿಸುವಂಥ ಸಪ್ಪೆ ಕೆಲಸ ಕೊಟ್ಟರು. ಆಮೇಲೆ ಕೇಳಿದರೆ, ಅಂಬೆಗಾಲಿಟ್ಟು ಬಿದ್ದು ಎದ್ದವರಿಗೆ ತಮ್ಮ ಸಂಬಂಧದ ಬಗ್ಗೆ ಜಾಸ್ತಿ ಒಳ್ಳೆಯ ಭಾವನೆ ಇತ್ತು. ಆ ಏಳು ನಿಮಿಷಕ್ಕೆ ತಗಲಿದ ಖರ್ಚು ಒಂದು ದಿಂಬು. ಫಲ ಕೊಟ್ಟದ್ದು ಇಬ್ಬರೂ ಸೇರಿ ಏನೋ ಹೊಸದನ್ನು ಮಾಡಿದ್ದು. ಸಾವಿರದ ಐನೂರು ಕೊಟ್ಟು ಮೂರು ಗಂಟೆ ಕತ್ತಲಲ್ಲಿ ಪರದೆ ನೋಡಿ ಬಂದರೆ ಅದು ಸಿಗುತ್ತದೆ ಅನ್ನುವ ಭರವಸೆ ಏನೂ ಇಲ್ಲ.

ನಿಮಗೆ ಮೊದಲು ಬೇಕಾಗಿರುವುದು ಮಕ್ಕಳನ್ನು ಒಂದೂವರೆ ಗಂಟೆ ನೋಡಿಕೊಳ್ಳುವ ಒಬ್ಬರು. ಅತ್ತೆಯವರಿಗೆ ಎರಡು ಮಕ್ಕಳು ಒಟ್ಟಿಗೆ ಕಷ್ಟ ಆಗಬಹುದು, ಅವರ ವಯಸ್ಸನ್ನೂ ಯೋಚಿಸಬೇಕು. ನಮ್ಮ ಕಚೇರಿಯಲ್ಲಿ ಪುಟ ವಿನ್ಯಾಸ ಮಾಡುವ ಹುಡುಗ ಇದಕ್ಕೆ ಒಳ್ಳೆಯ ದಾರಿ ಕಂಡುಕೊಂಡಿದ್ದಾನೆ. ಅವರ ಕೆಳಗಿನ ಮನೆಯಲ್ಲೂ ಸಣ್ಣ ಮಗು. ಬುಧವಾರ ಇವರ ಮಗಳು ಕೆಳಗೆ, ಶುಕ್ರವಾರ ಅವರ ಮಗ ಮೇಲೆ. ಮಗುವಿಗೆ ಊಟ ಮಾಡಿಸಿಯೇ ಬಿಡಬೇಕು. ಒಂಬತ್ತರೊಳಗೆ ಬಂದು ಕರೆದುಕೊಳ್ಳಬೇಕು. ಬರುವಾಗ ಸ್ವೀಟು ಗೀಟು ತರಕೂಡದು, ತಂದರೆ ಅದು ಋಣ ತೀರಿಸಿದ ಹಾಗೆ ಆಗಿಬಿಡುತ್ತದೆ. ನಿಮ್ಮ ಮಗಳಿಗೆ ನಾಲ್ಕು ವರ್ಷ, ಶಾಲೆಯಲ್ಲಿ ಗೆಳತಿಯರು ಇದ್ದೇ ಇರುತ್ತಾರೆ. ಅಂಥ ಒಂದು ಮನೆಯವರನ್ನು ಮಾತಾಡಿಸಿ. ದೊಡ್ಡವಳು ಅಲ್ಲಿ, ಚಿಕ್ಕವನು ಅಜ್ಜಿಯ ಹತ್ತಿರ. ಅವನು ಮಲಗುವ ಹೊತ್ತು ನೋಡಿಕೊಂಡು ಹೊರಡಿ. ಮೊದಮೊದಲು ಅಳುತ್ತಾನೆ. ಅಳು ಕೇಳಿ ಗೇಟಿನಿಂದ ವಾಪಸ್ ಬರಬೇಡಿ.

ಆ ಸಂಜೆಯ ರಾತ್ರಿ ಊಟ? ಅದನ್ನು ಯಜಮಾನರು ನೋಡಿಕೊಳ್ಳಲಿ. ಉಪ್ಪಿಟ್ಟು ಕೆದಕಲಿ, ಮೊಸರನ್ನ ಕಲಸಲಿ. ಹೊರಗೆ ಹೋಗುವುದಕ್ಕೋಸ್ಕರ ನೀವು ಮಧ್ಯಾಹ್ನದಿಂದಲೇ ಎರಡು ಪಟ್ಟು ದುಡಿಯಬೇಕು ಅನ್ನುವುದಾದರೆ ಮನೆಯಲ್ಲೇ ಇರುವುದು ವಾಸಿ.

ಈಗ ಜಾಗಕ್ಕೆ ಬರೋಣ. ಮೈಸೂರಿನಲ್ಲಿ ಇದ್ದುಕೊಂಡು ಸಂಜೆ ಎಲ್ಲಿಗೆ ಹೋಗಲಿ ಅಂತ ಕೇಳುತ್ತೀರಲ್ಲಮ್ಮ! ಸರ್ಕಾರಿ ಸಿಟಿ ಬಸ್ಸಿನಲ್ಲಿ, ಎಸಿ ಬಸ್ಸು ಬಿಟ್ಟು, ನಿಮಗೆ ಟಿಕೆಟ್ ದುಡ್ಡಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಯಜಮಾನರ ಟಿಕೆಟ್ ಒಂದೇ. ಭಾನುವಾರ ಸಂಜೆ ಏಳರ ಸುಮಾರಿಗೆ ಅರಮನೆಗೆ ದೀಪ ಹಾಕುತ್ತಾರೆ, ಒಂದು ಲಕ್ಷದ ಹತ್ತಿರ ಬಲ್ಬು. ರಸ್ತೆಯಲ್ಲಿ ನಿಂತು ನೋಡಿದರೂ ಕಾಣುತ್ತದೆ. ಎಲ್ಲ ಒಟ್ಟಿಗೆ ಹತ್ತಿಕೊಳ್ಳುವ ಕ್ಷಣಕ್ಕೆ ಅಲ್ಲಿರಬೇಕು, ಆದ್ದರಿಂದ ಹತ್ತು ನಿಮಿಷ ಮೊದಲೇ ಹೋಗಿ. ಆಮೇಲೆ ಒಂದು ಚುರುಮುರಿ, ಒಂದು ಬೈಟು ಕಾಫಿ. ಹುಟ್ಟಿ ಬೆಳೆದ ಮೈಸೂರಿನವರು ಇದನ್ನು ಪ್ರವಾಸಿಗಳಿಗೆ ಬಿಟ್ಟುಕೊಟ್ಟಿದ್ದಾರೆ, ನೀವು ಬಿಡಬೇಡಿ.

ನಿಮ್ಮ ಮನೆಗೆ ಹತ್ತಿರ ಅಂದರೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು, 1864ರಲ್ಲಿ ಕಟ್ಟಿಸಿದ್ದು. ಮೊದಲು ಊರಿಗೆ, ಹೊಲಕ್ಕೆ ನೀರು ಕೊಡುತ್ತಿದ್ದ ಕೆರೆ. ಕುವೆಂಪು ಅವರು ಅಡ್ಡಾಡಿದ ದಂಡೆ ಅದು. ಶನಿವಾರ ಯಜಮಾನರು ಬೇಗ ಬಂದರೆ ಅಲ್ಲಿ ನಡೆಯಿರಿ. ಪೂರ್ತಿ ಸುತ್ತು ಬರಬೇಕು ಅಂತಿಲ್ಲ, ಅರ್ಧ ದಂಡೆ ನಡೆದು ಹಕ್ಕಿಗಳು ಮರ ಸೇರುವುದನ್ನು ನೋಡುತ್ತಾ ಕೂತರೆ ಸಾಕು. ಮನೆಯಲ್ಲಿ ಎದುರುಬದುರು ಕೂತು ಆಡಲಾಗದ ಮಾತು ಪಕ್ಕಪಕ್ಕದಲ್ಲಿ ನಡೆಯುವಾಗ ಬರುತ್ತದೆ. ಇದನ್ನು ನಾನು ಬಹಳ ಜೋಡಿಗಳಲ್ಲಿ ಕಂಡಿದ್ದೇನೆ.

ತಿಂಗಳಿಗೆ ಒಮ್ಮೆ ರಂಗಾಯಣಕ್ಕೆ ಹೋಗಿ. ಬಿ.ವಿ. ಕಾರಂತರು 1989ರಲ್ಲಿ ಮೊದಲ ನಿರ್ದೇಶಕರಾಗಿ ಕಟ್ಟಿದ ಸಂಸ್ಥೆ, ನಿಮ್ಮ ಊರಲ್ಲೇ ಇದೆ, ವಾರದ ಕೊನೆಗೆ ನಾಟಕ ಇರುತ್ತದೆ. ಟಿಕೆಟ್ಟು ಮಾಲ್‌ನ ಸಿನಿಮಾ ಟಿಕೆಟ್ಟಿನ ಪಕ್ಕದಲ್ಲಿ ಏನೂ ಅಲ್ಲ. ನಾಟಕ ನೋಡಿ ಬಂದ ಜೋಡಿ ದಾರಿಯುದ್ದಕ್ಕೂ ಜಗಳವಾಡುತ್ತದೆ, ಅವಳು ಮಾಡಿದ್ದು ಸರಿ, ಅವನು ಮಾಡಿದ್ದು ತಪ್ಪು ಅಂತ. ಹಾಲು, ಡೈಪರು, ಬಾಡಿಗೆ ಬಿಟ್ಟು ಬೇರೊಂದರ ಬಗ್ಗೆ ಜಗಳವಾಡುವುದು ಎಷ್ಟು ಹಿತ ಅನ್ನುವುದು ಸಣ್ಣ ಮಕ್ಕಳಿರುವವರಿಗೆ ಗೊತ್ತು. ಗಣೇಶ ಹಬ್ಬದ ದಿನಗಳಲ್ಲಿ ವಾಣಿವಿಲಾಸ ಮೊಹಲ್ಲಾದ 8ನೇ ಕ್ರಾಸಿಗೆ ಹೋಗಿ. ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ, ರಸ್ತೆಯಲ್ಲೇ ಕೂತು ಕೇಳುವುದು, ಪುಕ್ಕಟೆ. ದಸರೆ ಬಂದರೆ ಊರೇ ದೀಪ ಹಾಕಿಕೊಂಡು ಕರೆಯುತ್ತದೆ. ಯಾವುದೂ ಆಗಲಿಲ್ಲವೇ? ಮಕ್ಕಳು ಮಲಗಿದ ಮೇಲೆ ತಾರಸಿಗೆ ಒಂದು ಚಾಪೆ ತೆಗೆದುಕೊಂಡು ಹೋಗಿ. ಫೋನು ಎರಡನ್ನೂ ಕೆಳಗೇ ಬಿಡಿ, ಅತ್ತೆಯವರು ಕೂಗಿದರೆ ಕೇಳಿಸುತ್ತದೆ.

ಸಿನಿಮಾ ಬೇಡ ಅಂತ ನಾನು ಹೇಳುತ್ತಿಲ್ಲ. ಸಿನಿಮಾ ನಮ್ಮ ಕೈ ಬಿಟ್ಟಿದೆ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಸೆಕೆಂಡ್ ಶೋಗೆ ಮಗುವನ್ನು ಹೆಗಲ ಮೇಲೆ ಮಲಗಿಸಿಕೊಂಡೇ ಹೋಗುತ್ತಿದ್ದರು. ಮರಳ ಮೇಲೆ ಟವೆಲ್ ಹಾಸಿ ಮಲಗಿಸಿದರೆ ಆಯಿತು, ಅತ್ತರೆ ಯಾರೂ ಸಿಡುಕುತ್ತಿರಲಿಲ್ಲ. ಮೈಸೂರಲ್ಲೇ ನೋಡಿ, ಕೋವಿಡ್ ಕಾಲದಲ್ಲಿ ಶಾಂತಲಾದಂಥ ಚಿತ್ರಮಂದಿರ ಬಾಗಿಲು ಹಾಕಿತು. ಕಡಿಮೆ ದುಡ್ಡಿಗೆ ಕುಟುಂಬ ಹೋಗುತ್ತಿದ್ದ ಜಾಗ ಅದು. ಟಿಕೆಟ್ಟಿಗೆ 200 ರೂಪಾಯಿ ಮಿತಿ ಅಂತ ಸರ್ಕಾರ 2025ರಲ್ಲಿ ನಿಯಮ ತಂದಿತು, ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟು ತಡೆ ಕೊಟ್ಟಿತು. ಕೋರ್ಟಿನಲ್ಲಿ ಯಾರ ವಾದ ಸರಿಯೋ ಅದು ಬೇರೆ. ದುಡಿಯುವ ಗಂಡ ಹೆಂಡತಿ ತಿಂಗಳಿಗೊಂದು ಸಿನಿಮಾ ನೋಡಲು ಲೆಕ್ಕ ಹಾಕಬೇಕಾಗಿದೆ ಅನ್ನುವುದು ನನಗೆ ಸಂಕಟದ ವಿಷಯ.

ಅದಕ್ಕಿಂತ ದೊಡ್ಡ ಸಂಕಟ ಪಾರ್ಕಿನದ್ದು. ದುಡ್ಡಿಲ್ಲದೆ ಕೂರಬಹುದಾದ ಜಾಗ ಊರಲ್ಲಿ ಎಷ್ಟು ಉಳಿದಿದೆ ಹೇಳಿ. ಕೆರೆಗೆ ಕತ್ತಲಾಗುವ ಹೊತ್ತಿಗೆ ಗೇಟು. ಬಡಾವಣೆಯ ಪಾರ್ಕಿಗೆ ಬೀಗ. ತೆರೆದಿದ್ದರೂ ದೀಪ ಕೆಟ್ಟಿರುತ್ತದೆ, ಬೆಂಚಿನ ಹಲಗೆ ಕಿತ್ತಿರುತ್ತದೆ. ಹೆಬ್ಬಾಳದಲ್ಲಿ ಕೆಲಸ ಮುಗಿಸಿದವನು ಮನೆಗೆ ಬಂದು ಮುಖ ತೊಳೆಯುವಷ್ಟರಲ್ಲಿ ಏಳೂವರೆ ಆಗಿರುತ್ತದೆ. ಅವನಿಗೂ ಅವನ ಹೆಂಡತಿಗೂ ಈ ಊರಲ್ಲಿ ತೆರೆದಿರುವುದು ಅಂಗಡಿ ಮಾತ್ರ. ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವುದಾಗಿ 2024ರಲ್ಲಿ ಹೇಳಿದರು. ಮೈಸೂರಿಗೆ, ದಾವಣಗೆರೆಗೆ, ಹುಬ್ಬಳ್ಳಿಗೆ ಆ ಮಾತು ಯಾಕೆ ಬೇಡ? 1903ರಷ್ಟು ಹಿಂದೆಯೇ ನಗರ ಸುಧಾರಣೆಗೆ ಅಂತ ಒಂದು ಮಂಡಳಿ ಮಾಡಿಕೊಂಡು, ಅಗಲ ರಸ್ತೆಗೆ, ಉದ್ಯಾನಕ್ಕೆ ಜಾಗ ಬಿಟ್ಟು ಬೆಳೆದ ಊರು ಇದು. ಆ ಊರಲ್ಲಿ ಸಂಜೆ ಏಳೂವರೆಗೆ ಇಬ್ಬರು ಕೂರಲು ಒಂದು ಕಲ್ಲುಬೆಂಚು ಹುಡುಕಬೇಕಾಗಿದೆ.

ಕೂತರೂ ನೆಮ್ಮದಿ ಇಲ್ಲ. ತಾಳಿ ಕಾಣಿಸುವ ಹಾಗೆ ಕೂರಬೇಕು, ಇಲ್ಲದಿದ್ದರೆ ಯಾರೋ ಬಂದು ‘ಏನ್ರೀ, ಇಲ್ಲೇನ್ ಮಾಡ್ತಿದ್ದೀರಾ’ ಅನ್ನುತ್ತಾರೆ. ಎರಡು ಮಕ್ಕಳ ತಾಯಿಯೊಬ್ಬರು ಹೀಗೆ ಕೇಳಿಸಿಕೊಂಡು, ಮತ್ತೆ ಆ ಪಾರ್ಕಿಗೆ ಕಾಲಿಡಲಿಲ್ಲ ಅಂತ ನಮಗೆ ಬರೆದಿದ್ದರು. ಜೋರಾಗಿ ಕೂಗಾಡುತ್ತಾ ಇಸ್ಪೀಟು ಆಡುವ ಗಂಡಸರನ್ನು ಯಾರೂ ಏನೂ ಕೇಳುವುದಿಲ್ಲ. ಗಂಡನ ಪಕ್ಕ ಸುಮ್ನೆ ಕೂತ ಹೆಂಗಸನ್ನು ಎಲ್ಲರೂ ಕೇಳುತ್ತಾರೆ. ಇದು ಅನ್ಯಾಯ. ನಾನು ಮತ್ತೆ ಮತ್ತೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ನೀವು ಈ ವಾರವೇ ಶುರು ಮಾಡಿ ತಾಯಿ, ದಸರೆ ಬರಲಿ ಅಂತ ಕಾಯಬೇಡಿ. ಈ ಪುಟವನ್ನು ಯಜಮಾನರ ಊಟದ ತಟ್ಟೆಯ ಪಕ್ಕ ಇಡಿ. ಉಳಿದ ಓದುಗರಿಗೂ ಒಂದು ಮಾತು: ನಿಮ್ಮ ಬಡಾವಣೆಯ ಪಾರ್ಕು ಸಂಜೆ ಎಷ್ಟು ಗಂಟೆಗೆ ಮುಚ್ಚುತ್ತದೆ, ಎಷ್ಟು ದೀಪ ಉರಿಯುತ್ತದೆ, ಕೂರಲು ಎಷ್ಟು ಬೆಂಚಿದೆ ಅಂತ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ವಾರ್ಡಿನ ಹೆಸರು ತಪ್ಪದೆ ಇರಲಿ. ಬಂದದ್ದನ್ನೆಲ್ಲ ಇದೇ ಪುಟದಲ್ಲಿ ಅಚ್ಚು ಹಾಕಿ, ಆಯಾ ಪಾಲಿಕೆಗೆ ಒಂದೊಂದು ಪ್ರತಿ ತಲುಪಿಸುತ್ತೇವೆ.